ಕೀ ಕೊಡೋರು ಯಾರು?

ಅರಕಲಗೂಡಿನ ಮನೆ ಖಾಲಿ ಮಾಡಿ ಅಜ್ಜಿಯನ್ನ ಹಾಸನಕ್ಕೆ ಕರ್ಕೊಂಡು ಬರೋದು ಅಂತ ದೊಡ್ಡವರು ತೀರ್ಮಾನ ಮಾಡಿದರು. ಹಾಸನದ್ದು ಎರಡು ರೂಮಿನ ಬಾಡಿಗೆ ಮನೆ. ಹಳೇ ಸಾಮಾನು ಯಾರಿಗೆ ಕೊಡೋದು ಅನ್ನೋ ಕೆಲಸ ಮಾತ್ರ ನಮ್ಮ ತಲೆಗೆ, ಅಂದ್ರೆ ಮೊಮ್ಮಕ್ಕಳ ತಲೆಗೆ ಬಂತು. ಅಜ್ಜಿಯದು ಒಂದೇ ಷರತ್ತು: "ಬಳಸೋರಿಗೆ ಕೊಡ್ರೋ, ಷೋಕೇಸಲ್ಲಿ ಇಡೋರಿಗೆ ಬ್ಯಾಡ."

ತಾಮ್ರದ ಹಂಡೆಗೆ ಗುಜರಿಯವನು ತೂಕದ ಲೆಕ್ಕ ಹೇಳಿದ. ದುಡ್ಡೇನೋ ಚೆನ್ನಾಗೇ ಬರ್ತಿತ್ತು. ಆದರೆ ನೀರು ತುಂಬೋ ಹಬ್ಬದ ದಿನ ಅದನ್ನ ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣು ಬಳಿದವರು ನಾವೇ. ಕರಗಿಸೋಕೆ ಕೊಡೋದಾ? ಗೀಸರ್ ಇರೋ ಮನೆಯಲ್ಲಿ ಹಂಡೆಗೆ ಜಾಗ ಇಲ್ಲ. ಕೊನೆಗೆ ಚನ್ನರಾಯಪಟ್ಟಣದ ಕಡೆಯ ಅತ್ತೆ ಮನೆ ನೆನಪಾಯ್ತು. ತೆಂಗಿನ ತೋಟ ಇರೋ ಊರು, ಮಟ್ಟೆ ಗರಿಗೆ ಬರ ಇಲ್ಲ, ಬಚ್ಚಲೊಲೆ ಇನ್ನೂ ಉರಿಯುತ್ತೆ. ಹಂಡೆ ಲಗೇಜ್ ಆಟೋದಲ್ಲಿ ಹೊರಟಿತು.

ಹೊಲಿಗೆ ಮಿಷನ್ನು ಹೊಳೆನರಸೀಪುರದಲ್ಲಿ ಬ್ಲೌಸ್ ಹೊಲಿಯೋ ಅಕ್ಕನಿಗೆ ಹೋಯ್ತು. ವಾರದೊಳಗೆ ಅವರು ಕಾಲಿನ ಪೆಡಲ್ ತೆಗೆಸಿ ಮೋಟಾರ್ ಹಾಕಿಸಿದರು. ನಮಗೆ ಹೊಟ್ಟೆ ಉರೀತು. ಚಿಕ್ಕವರಿದ್ದಾಗ ಆ ಪೆಡಲ್ ನಮ್ಮ ಬಸ್ಸಾಗಿತ್ತು. ಅಜ್ಜಿ ನಕ್ಕರು. "ಆಗ ನಂಗೂ ಮೋಟಾರ್ ಸಿಕ್ಕಿದ್ರೆ ಮಂಡಿ ಉಳೀತಿತ್ತು."

ಉಳಿದಿದ್ದು ತಾತನ ಎಚ್‌ಎಂಟಿ ಜನತಾ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ವಾಚ್ ಫ್ಯಾಕ್ಟರಿಯ ಮನೆತನದ್ದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ಡಯಲ್ ಮೇಲೆ 17 ಜ್ಯುವೆಲ್ಸ್ ಅಂತಿದೆ. ಆಭರಣ ಅಲ್ಲ, ಘರ್ಷಣೆ ಕಡಿಮೆ ಮಾಡೋ ಕೃತಕ ಮಾಣಿಕ್ಯದ ಬೇರಿಂಗ್‌ಗಳು. (ಮೆಕ್ಯಾನಿಕಲ್‌ನವರು ಗಮನಿಸಿ!) ಬ್ಯಾಟರಿ ಇಲ್ಲ. ದಿನಾ ಕೀ ಕೊಟ್ಟರೆ ಓಡುತ್ತೆ, ಮರೆತರೆ ನಿಲ್ಲುತ್ತೆ. ತಾತ ಹೋದ ಮೇಲೂ ಅಜ್ಜಿ ಬೆಳಗಿನ ಕಾಫಿಗೆ ಮುಂಚೆ ಕೀ ಕೊಡ್ತಿದ್ದರು. ಈಗ ಬೆರಳು ಹಿಡಿಯೋದಿಲ್ಲ.

ಬೆಂಗಳೂರಿನ ಚಿಕ್ಕಪ್ಪ ಕೇಳಿದರು. ಫ್ರೇಮ್ ಹಾಕಿಸ್ತೀನಿ ಅಂದಿದ್ದಕ್ಕೆ ಅಜ್ಜಿ ಮಾತೇ ಮುಗಿಸಿದರು. ವಾಚು ಸಿಕ್ಕಿದ್ದು ನಮ್ಮ ಪೈಕಿ ಈ ವರ್ಷ ಇಂಜಿನಿಯರಿಂಗ್ ಸೇರಿದವಳಿಗೆ. ಇಂಟರ್ನಲ್ಸ್‌ಗೆ ಸ್ಮಾರ್ಟ್‌ವಾಚ್ ಬಿಡೋದಿಲ್ಲವಲ್ಲ, ಅವಳಿಗೆ ನಿಜವಾಗಿಯೂ ಬೇಕಿತ್ತು.

ಈಗ ಹಾಸನದ ಮನೆಯಿಂದ ದಿನಾ ಬೆಳಿಗ್ಗೆ ಆರೂವರೆಗೆ ಅವಳ ಹಾಸ್ಟೆಲ್‌ಗೆ ಫೋನ್ ಹೋಗುತ್ತೆ. ತಿಂಡಿ ಆಯ್ತಾ ಅಂತಲ್ಲ, "ಕೀ ಕೊಟ್ಟೇನೇ?" ಅಂತ.