ಎಣಿಸುತ್ತಾ ನೋಡಿದ ಊರುಗಳು

ನಾವು ಎಂಟು ಮಂದಿ, ಹಿರಿಯರೂ ಮೊಮ್ಮಕ್ಕಳೂ, ಬಂಟ್ವಾಳದಿಂದ ಹೊರಟೆವು. ಅಲ್ಲಿನ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಾಮಾನು ಕಂಡು "ಅಜ್ಜಿ, ಇದೇನು?" ಎಂದ ಮಕ್ಕಳಿಗೆ ನಾವೇ ಗುರುಗಳಾದೆವು.

ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆಯಿದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 1,876! ಮಂಡಿನೋವಿನ ನಾನು ಬುಡದಲ್ಲೇ ಕುಳಿತೆ. ಅಪ್ಪನೊಂದಿಗೆ ಹತ್ತಿಳಿದ ಮೊಮ್ಮಗಳು, "ಅಜ್ಜಿ, ಮೇಲೆ ಗೋಡೆಗಳು ಬಿದ್ದಿವೆ, ಮಳೆನೀರಿನ ಕೆರೆ ಉಳಿದಿದೆ" ಎಂದಳು.

ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ನೋಡಿದೆವು. ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಒಂದು ಆನೆ. ಐವರು ಸೇರಿ ಒಂದು ಕುದುರೆ! ಮಕ್ಕಳೇ, ನೀವೂ ಹೋಗಿ ಎಣಿಸಿ. ಹೆಸರು ಮಾತ್ರ ಗೀಚಬೇಡಿ; ನಾಳೆ ನಿಮ್ಮ ಮೊಮ್ಮಕ್ಕಳೂ ಎಣಿಸಬೇಕಲ್ಲ!