ಗುಂಡನ ಗೊರಕೆ

ಇಂಗ್ಲೆಂಡಿಗೆ ಬಂದು ಈ ಮನೆ ಸೇರಿದ ಮೊದಲ ವಾರ ನಾವು ಮೂವರೂ ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದ್ದೇ ಕೂರಿಸಿದ್ದು. ರಾತ್ರಿ ಹನ್ನೊಂದಾದರೆ ಸಾಕು, ಎಲ್ಲಿಂದಲೋ ಭರ್ಜರಿ ಗೊರಕೆ. ಹುಬ್ಬಳ್ಳಿಯವಳನ್ನು ಕೇಳಿದರೆ, ‘ನಾ ಅಲ್ಲವಾ, ಶಿವಮೊಗ್ಗದಾಕಿ ಇರಬೇಕು ನೋಡು’ ಅನ್ನುವ ಉತ್ತರ. ಕೊನೆಗೆ ಕಳ್ಳ ಸಿಕ್ಕಿದ್ದು ಕೆಳಗಿನ ಮಹಡಿಯಲ್ಲಿ: ಓನರ್ ಅಜ್ಜಿಯ ಆರು ವರ್ಷದ ಪಗ್ ನಾಯಿ. ಅವರಿಟ್ಟ ಹೆಸರು ಬಾರ್ನಿ. ನಾವು ಕರೆಯೋದು ಗುಂಡ.

ಪಗ್ ಅಂದ್ರೆ ನಮಗೆ ಹಚ್, ಆಮೇಲೆ ವೊಡಾಫೋನ್ ಜಾಹೀರಾತಿನ ಆ ಮುದ್ದು ನಾಯಿಯೇ. ಹಾಗಾಗಿ ನವೆಂಬರ್‌ನಲ್ಲಿ ಅಜ್ಜಿ ಮಂಡಿ ಆಪರೇಷನ್ ಮಾಡಿಸಿಕೊಂಡು ಆರು ವಾರ ಮಗಳ ಮನೆಗೆ ಹೊರಟಾಗ, ‘ಗುಂಡನ್ನ ನಾವೇ ನೋಡ್ಕೋತೀವಿ’ ಅಂದುಬಿಟ್ಟೆವು. ಊರಿನ ಪ್ರೀತಿಯೆಲ್ಲ ಅವನ ಮೇಲೆ ಸುರಿಯಿತು. ತುಪ್ಪ ಸವರಿದ ಚಪಾತಿ, ಮೊಸರನ್ನ, ಕೇಳಿದಾಗೆಲ್ಲ ಬಿಸ್ಕೆಟ್. ಗುಂಡ ಬಾಯಲ್ಲಿ ರಬ್ಬರ್ ಚೆಂಡು ಕಚ್ಚಿಕೊಂಡು, ನಮ್ಮ ಶೂ ಮೇಲೆ ಗದ್ದವಿಟ್ಟು ನಿದ್ದೆ ಹೊಡೆಯುತ್ತಿದ್ದ. ಅದನ್ನು ಗೊರಕೆ ಸಮೇತ ವಿಡಿಯೊ ಮಾಡಿ ಮನೆಗೆ ಕಳಿಸಿದೆವು. ‘ಥೇಟ್ ನಿಮ್ಮ ತಾತನ ಗೊರಕೆ ಕಣೇ’ ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು.

ಒಂದು ರಾತ್ರಿ ಗೊರಕೆ ಥಟ್ಟನೆ ನಿಂತಿತು. ಓದುತ್ತಾ ಕೂತಿದ್ದ ನಾವು ತಲೆ ಎತ್ತಿದೆವು. ಉಸಿರಿಲ್ಲ. ಕೆಲವು ಸೆಕೆಂಡ್ ಆದಮೇಲೆ ಗುಂಡ ಗಕ್ಕನೆ ಎದ್ದು ಕೂತು ಬಾಯಿ ತೆರೆದು ಗಾಳಿ ಎಳೆದುಕೊಂಡ. ಆವತ್ತು ಯಾರೂ ಸರಿಯಾಗಿ ಮಲಗಲಿಲ್ಲ. ಬೆಳಿಗ್ಗೆ ಅಜ್ಜಿಗೆ ಫೋನ್ ಮಾಡಿ ಕೇಳಿ, ವೆಟ್ ಹತ್ತಿರ ಓಡಿದೆವು.

ವೆಟ್ ಕೇಳಿದ ಮೊದಲ ಪ್ರಶ್ನೆ: ‘ಮಲಗುವಾಗ ಬಾಯಲ್ಲಿ ಆಟಿಕೆ ಇಟ್ಟುಕೊಳ್ತಾನಾ?’ ನಾವು ಖುಷಿಯಾಗಿ ವಿಡಿಯೊ ತೋರಿಸಿದೆವು. ಅವರು ನಗಲಿಲ್ಲ. ಮೂಗಿನಿಂದ ಬರುವ ಉಸಿರು ಸಾಲದೆ, ಬಾಯಿ ಮುಚ್ಚಿಹೋಗದಿರಲಿ ಎಂದು ಚೆಂಡು ಕಚ್ಚಿಕೊಳ್ಳುತ್ತಾನಂತೆ. ಗದ್ದ ಎತ್ತರಕ್ಕಿಡುವುದೂ ಗಂಟಲ ದಾರಿ ತೆರೆದಿರಲಿ ಅಂತಲೇ. ನಾವು ಮುದ್ದು ಅಂದುಕೊಂಡಿದ್ದು ಅವನ ಪಾಡಾಗಿತ್ತು.

ಕಾರಣ ಅವನ ಮುಖದಲ್ಲೇ ಇದೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ತಳಿಗಳ ಮೂತಿಯನ್ನು ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಗಿಡ್ಡ ಮಾಡಿದ್ದಾರೆ. ಮೂಳೆ ಗಿಡ್ಡವಾದರೂ ಒಳಗಿನ ಮಾಂಸ ಅದೇ ಅಳತೆಗೆ ಕಮ್ಮಿಯಾಗಿಲ್ಲ. ಮೂಗಿನ ಹೊಳ್ಳೆ ಕಿರಿದು. ಅಂಗುಳದ ಹಿಂದಿನ ಮೆತ್ತನೆಯ ಭಾಗ ಉದ್ದವಾಗಿ ಗಂಟಲಿಗೆ ಇಳಿಬಿದ್ದು, ಗಾಳಿ ಹೋದಾಗೆಲ್ಲ ಅದುರುತ್ತದೆ. ಅದೇ ಗೊರಕೆ. ಬೊಜ್ಜು ಸೇರಿದರೆ ದಾರಿ ಇನ್ನೂ ಇಕ್ಕಟ್ಟು. ಪಗ್ ಸಾಮಾನ್ಯವಾಗಿ 6ರಿಂದ 8 ಕೆಜಿ ಇರಬೇಕು. ನಮ್ಮ ಗುಂಡ 10.2!

ಇಲ್ಲಿ ಇದಕ್ಕೊಂದು ಪರೀಕ್ಷೆಯಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಕೆನಲ್ ಕ್ಲಬ್ ಸೇರಿ 2019ರಲ್ಲಿ ಶುರುಮಾಡಿದ್ದು. ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಮೂರು ನಿಮಿಷ ಚುರುಕಾಗಿ ಓಡಾಡಿಸಿ, ಮತ್ತೆ ಕೇಳಿ, 0ರಿಂದ 3ರವರೆಗೆ ದರ್ಜೆ ಕೊಡುತ್ತಾರೆ. ಗುಂಡನಿಗೆ ಬಂದಿದ್ದು 2. ಅಂದರೆ ಸುಮ್ಮನೆ ಬಿಡುವ ಹಾಗಿಲ್ಲ. ಮೊದಲು ತೂಕ ಇಳಿಸಿ, ಆಮೇಲೂ ಕಷ್ಟವಾದರೆ ಹೊಳ್ಳೆ ಅಗಲಿಸಿ ಅಂಗುಳ ಮೊಟಕು ಮಾಡುವ ಆಪರೇಷನ್ ಅಂದರು.

ಅಂದಿನಿಂದ ಚಪಾತಿ ಬಂದ್. ಊಟ ತಕ್ಕಡಿಯಲ್ಲಿ ತೂಗಿ ಎರಡು ಹೊತ್ತು. ಕತ್ತು ಒತ್ತುವ ಕಾಲರ್ ಬದಲು ಎದೆಗೆ ಹಾಕುವ ಹಾರ್ನೆಸ್. ಬಿಸಿಲೇರುವ ಮೊದಲು ಪುಟ್ಟ ಪುಟ್ಟ ವಾಕ್. ಹೊಗೆಯೂ ಮೂಗಿಗೆ ಕಿರಿಕಿರಿ, ಆದ್ದರಿಂದ ಊದುಬತ್ತಿ ನಮ್ಮ ರೂಮಿಗೆ ಸೀಮಿತ. ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅವನು ಅಡುಗೆಮನೆಯಿಂದ ಆಚೆ. ಹೀಟರ್‌ನಿಂದ ಗಾಳಿ ಒಣಗುತ್ತದೆಂದು ಹ್ಯೂಮಿಡಿಫೈಯರ್ ತಂದೆವು. ಅಂಗಾತ ಮಲಗಿದಾಗ ಮೆಲ್ಲಗೆ ಮಗ್ಗುಲಿಗೆ ಹೊರಳಿಸುವುದು ನಮ್ಮ ಪಾಳಿ ಕೆಲಸ.

ಎಲ್ಲ ನಾಯಿಗಳ ಗೊರಕೆಗೂ ಇದೇ ಕಾರಣವಲ್ಲ. ಉದ್ದ ಮೂತಿಯ ನಾಯಿಯೂ ಅಲರ್ಜಿ, ನೆಗಡಿ, ಮೂಗಿಗೆ ಸಿಕ್ಕ ಹುಲ್ಲುಗರಿ, ಹಲ್ಲಿನ ಕೀವಿನಿಂದ ಗೊರಕೆ ಹೊಡೆಯಬಹುದು. ಗೊರಕೆ ಹೊಸದಾಗಿ ಶುರುವಾದರೆ, ಮೂಗಿನಿಂದ ರಕ್ತ ಬಂದರೆ, ಎಚ್ಚರವಿದ್ದಾಗಲೂ ಸದ್ದು ಬಂದರೆ ವೆಟ್‌ಗೆ ತೋರಿಸಿ. ಒಸಡು ನೀಲಿಯಾದರೆ, ನಾಯಿ ಕುಸಿದುಬಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಜನವರಿಯಲ್ಲಿ ವಾಪಸ್ ಬಂದ ಅಜ್ಜಿಗೆ ತಕ್ಕಡಿ, ಪಟ್ಟಿ ಎಲ್ಲ ಒಪ್ಪಿಸಿದೆವು. ಯುಗಾದಿ ಹೊತ್ತಿಗೆ ಗುಂಡ 9.1 ಕೆಜಿ. ಒಬ್ಬಟ್ಟಿನ ವಾಸನೆಗೆ ಮೆಟ್ಟಿಲು ಹತ್ತಿ ಬಂದ, ನಾವು ಕಲ್ಲುಮನಸ್ಸು ಮಾಡಿದೆವು. ಗೊರಕೆ ಕಮ್ಮಿಯಾಗಿದೆ, ನಿಂತಿಲ್ಲ. ಚೆಂಡು ಇನ್ನೂ ಬಾಯಲ್ಲೇ ಇರುತ್ತೆ. ಆಪರೇಷನ್‌ಗೆ ಅಜ್ಜಿ ಮೇ ತಿಂಗಳ ಡೇಟ್ ತಗೊಂಡಿದ್ದಾರೆ.

ಮೊನ್ನೆ ನಮ್ಮಲ್ಲೊಬ್ಬಳ ತಂಗಿ ಮೈಸೂರಿನಿಂದ ಫೋನ್ ಮಾಡಿ, ‘ಅಕ್ಕಾ, ಬರ್ತ್‌ಡೇಗೆ ಪಗ್ ಮರಿ ಕೊಡಿಸ್ತಾರಂತೆ ಅಪ್ಪ!’ ಅಂದಳು. ಉತ್ತರಕ್ಕೆ ನಾವು ಅದೇ ಹಳೇ ವಿಡಿಯೊ ಮತ್ತೆ ಕಳಿಸಿದೆವು. ಈ ಸಲ ಕೆಳಗೆ ಒಂದು ಸಾಲು ಬರೆದೆವು: ನಗಬೇಡ, ಕಣ್ಣು ಮುಚ್ಚಿಕೊಂಡು ಸದ್ದು ಮಾತ್ರ ಕೇಳು.