ನೀಲಗಿರಿಯ ನೀಲಿ ಹೂ

ಕೂನೂರಿನ ಹಾದಿಯಲ್ಲಿ ಬೇಲಿಯಂಚಿಗೆ ಅರಳಿದ ಹೈಡ್ರೇಂಜಿಯವನ್ನು ನೀವೂ ಕಂಡಿರಬಹುದು. ಚಹಾ ಬೆಳೆಯುವ ಹುಳಿಮಣ್ಣಿನ ಅಲ್ಯೂಮಿನಿಯಮ್ ಹೀರಿ ಹೂ ನೀಲಿಯಾಗುತ್ತದೆ. ಸುಣ್ಣ ಬಿದ್ದ ಗೋಡೆಯ ಬುಡದಲ್ಲಿ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುವುದುಂಟು.

ಅಲ್ಲಿಂದ ತಂದ ಕಡ್ಡಿಯನ್ನು ಕೋಟಗಿರಿಯ ನಮ್ಮ ಪುಟ್ಟ ಅಂಗಳದಲ್ಲಿ ನೆಟ್ಟೆವು. ಗಿಡ ದೊಡ್ಡದಾದ ಮೇಲೆ ಚಳಿಗಾಲದಲ್ಲಿ ಅಂದಕ್ಕೆಂದು ಕತ್ತರಿಸಿದೆವು. ಆ ವರ್ಷ ಒಂದು ಹೂವೂ ಇಲ್ಲ! ಹಳೆಯ ತಳಿಯ ಮೊಗ್ಗು ಹಿಂದಿನ ವರ್ಷದ ಕಡ್ಡಿಯಲ್ಲೇ ಅಡಗಿರುತ್ತದೆಂದು ಆಮೇಲೆ ತಿಳಿಯಿತು.

2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಎಂಡ್‌ಲೆಸ್ ಸಮ್ಮರ್’ನಂಥ ತಳಿಗಳು ಹೊಸ ಚಿಗುರಿನಲ್ಲೂ ಮತ್ತೆ ಮತ್ತೆ ಅರಳುತ್ತವೆ. ಸಣ್ಣ ಅಂಗಳಕ್ಕೆ ಇವುಗಳಲ್ಲೇ ಗಿಡ್ಡನೆಯದನ್ನು ಆರಿಸಿ. ಮೂರಡಿ ಜಾಗ, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಆರದ ತೇವ ಬೇಕು. ಬಾಡಿದ ಹೂ ಮಾತ್ರ ತೆಗೆಯಿರಿ. ಒಣಗಿದಂತೆ ಕಾಣುವ ಕಡ್ಡಿಗೆ ಕತ್ತರಿ ಹಾಕುವ ಮುನ್ನ ಒಂದು ಮಳೆ ಕಾಯಿರಿ.